ಫೋನ್‌ಗಾಗಿ ಹಟ ಮಾಡುವ ಮಕ್ಕಳು: ಕಿತ್ತುಕೊಳ್ಳುವ ಮುಂಚೆ ನೋಡಬೇಕಾದ್ದು, ಆಮೇಲೆ ಮಾಡಬೇಕಾದ್ದು

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಫೋನ್ ಬಚ್ಚಿಡಬೇಡಿ, ರೀಚಾರ್ಜ್ ನಿಲ್ಲಿಸಬೇಡಿ, "ಇವತ್ತಿಂದ ಫೋನ್ ಬಂದ್" ಅಂತ ಕೂಗಾಡಬೇಡಿ. ಒಂದು ಹಳೇ ನೋಟ್‌ಬುಕ್ ತಗೊಂಡು ಸುಮ್ನೆ ಬರೆದಿಡಿ. ಮಗು ಕಿರುಚಾಡಿದ್ದು, ಹೊಡೆದಿದ್ದು, ತಟ್ಟೆ ತಳ್ಳಿದ್ದು ಎಷ್ಟು ಹೊತ್ತಿಗೆ? ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಏನು ನಡೆಯುತ್ತಿತ್ತು? ಅಷ್ಟಾದ ಮೇಲೆ ನೀವು ಏನು ಮಾಡಿದಿರಿ? ಮೂರೇ ವಿಷಯ, ಎರಡೆರಡು ಸಾಲು ಸಾಕು.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ರೇಷ್ಮೆ ಇದೆ, ಹಸುಗಳಿವೆ. ಮಗಳು ಹೈಸ್ಕೂಲು, ಮಗ ಒಂದನೇ ಕ್ಲಾಸು. ಪೋಷಕರ ಸಭೆಯಲ್ಲಿ ಈಗೀಗ ಓದಿನ ಮಾತಿಗಿಂತ ಫೋನಿನ ಮಾತೇ ಜಾಸ್ತಿ. "ಕೊಡದಿದ್ರೆ ಊಟ ಮಾಡಲ್ಲ ಮಿಸ್." "ಕಿತ್ಕೊಂಡ್ರೆ ಅವರಪ್ಪನಿಗೇ ಹೊಡೀತಾನೆ ಮಿಸ್." ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಬರೆದಿಡುವ ಕೆಲಸವನ್ನೇ. ಮಗುವಿನ ಕೈಗೆ ಫೋನ್ ತಾನಾಗಿ ಬಂದಿರುವುದಿಲ್ಲ. ಯಾವುದೋ ಹೊತ್ತಿನಲ್ಲಿ ಮಗು ಸುಮ್ಮನಿರಲಿ ಅಂತ ದೊಡ್ಡವರೇ ಕೊಟ್ಟಿರುತ್ತಾರೆ. ಆ ಹೊತ್ತು ಯಾವುದು ಅಂತ ತಿಳಿಯದೆ ಫೋನ್ ಕಿತ್ತುಕೊಂಡರೆ ಮಗು ಅಳುತ್ತದೆ, ನಮಗೆ ಕೈತುಂಬ ಕೆಲಸ ಇರುತ್ತದೆ, ಮತ್ತೆ ಕೊಟ್ಟುಬಿಡುತ್ತೇವೆ.

ಹೊತ್ತು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ

ರೇಷ್ಮೆ ಸಾಕುವ ಮನೆಗಳಲ್ಲಿ ಇದು ಬೇಗ ಕಾಣುತ್ತದೆ. ಚಾಕಿ ಹುಳ, ಅಂದರೆ ಎಳೆಯ ಹುಳ, ತಂದ ಮೊದಲ ದಿನಗಳಲ್ಲಿ ಅಷ್ಟು ಕಷ್ಟವಿಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳದ ಹಸಿವು ಹೇಗಿರುತ್ತದೆ ಅಂತ ಸಾಕಿದವರಿಗೆ ಗೊತ್ತು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಹೋಗುತ್ತದೆ. ಬೆಳಗಿನ ಜಾವ ಸೊಪ್ಪು ತರಬೇಕು, ರಾತ್ರಿ ಮಲಗುವ ಮುಂಚೆ ಮತ್ತೆ ಹಾಕಬೇಕು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತು ಅಂದರೆ ಮನೆಮಂದಿಯೆಲ್ಲ ಚಂದ್ರಿಕೆ ಮುಂದೆ, ಅಂದರೆ ಹುಳ ಗೂಡು ಕಟ್ಟುವ ತಟ್ಟಿಯ ಮುಂದೆ, ಕೂತಿರುತ್ತಾರೆ. ಆ ವಾರ ನಾಲ್ಕು ವರ್ಷದ ಮಗುವನ್ನು ನೋಡಿಕೊಳ್ಳುವುದು ಫೋನೇ. ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅಪ್ಪ ಅಮ್ಮನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಮಗುವಿಗೆ ಮಾತ್ರ ಆ ವಾರದ ಅಭ್ಯಾಸ ಹಾಗೇ ಉಳಿದುಕೊಂಡಿರುತ್ತದೆ. ಯಾರ ಮನೆಯಲ್ಲಿ ಹುಳ ಹಣ್ಣಾಗಿದೆ ಅಂತ ಕ್ಲಾಸಿನಲ್ಲಿ ತೂಕಡಿಸುವ ಮಕ್ಕಳನ್ನು ನೋಡಿಯೇ ನನಗೆ ಗೊತ್ತಾಗುತ್ತದೆ.

ಹಸು ಇರುವ ಮನೆಯಲ್ಲಿ ಅದು ಸಂಜೆ ಹಾಲು ಕರೆದು ಡೈರಿಗೆ ಹಾಕುವ ಹೊತ್ತು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಮನೆಯಲ್ಲಿ, ಅವಳು ವ್ಯಾನ್ ಇಳಿದು ಬಂದು ಅಡುಗೆಗೆ ನಿಲ್ಲುವ ಹೊತ್ತು. ಊಟದ ಹೊತ್ತು, ಮಲಗುವ ಹೊತ್ತು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇರುತ್ತವೆ.

ಈಗ ಆ ಹೊತ್ತಿಗೆ ಬೇರೆ ಏರ್ಪಾಡು ಮಾಡಿ. ಫೋನ್ ತೆಗೆಯುವುದು ಆಮೇಲೆ. ನಿಮ್ಮ ಬೆಳೆ ಮತ್ತು ಎದುರು ಮನೆಯವರ ಬೆಳೆ ಒಂದೇ ವಾರ ಹಣ್ಣಾಗುವುದು ಅಪರೂಪ. ನಿಮ್ಮ ಭಾರದ ವಾರ ನಿಮ್ಮ ಮಗು ಅವರ ಮನೆಯಲ್ಲಿ ಆಡಲಿ, ಅವರ ಭಾರದ ವಾರ ಅವರ ಮಗು ನಿಮ್ಮಲ್ಲಿ. ನಮ್ಮ ಬೀದಿಯಲ್ಲಿ ನಾವು ಹೀಗೆ ಮಾಡುತ್ತೇವೆ, ಚೆನ್ನಾಗಿ ನಡೆಯುತ್ತದೆ. ನಮ್ಮ ಮಗನಿಗೆ ಒಂದು ಸಣ್ಣ ಮೊರದಲ್ಲಿ ಅವನದೇ ಅಂತ ಒಂದು ಹಿಡಿ ಹುಳ ಕೊಡುತ್ತೇವೆ. ಮೊರ ಹುಳದ ಮನೆಯಿಂದ ದೂರ, ಜಗಲಿ ಮೇಲೆ ಇರುತ್ತದೆ. ಮಕ್ಕಳ ಕೈಕಾಲಿನಿಂದ ಬೆಳೆಗೆ ರೋಗ ತಗುಲಬಾರದಲ್ಲ. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಜ್ವರಕ್ಕೆ ಕೂತಾಗ ಮುಟ್ಟದೆ ಕಾಯುವುದು ಎಲ್ಲ ಅವನದೇ ಜವಾಬ್ದಾರಿ. ಹಾಲಿನ ಹೊತ್ತಿಗೆ ತಾತನ ಕೈ ಹಿಡಿದು ಡೈರಿಗೆ ಹೋಗಿ ಬರಲಿ. ಅಡುಗೆಯ ಹೊತ್ತಿಗೆ ಸೊಪ್ಪು ಬಿಡಿಸಲಿ. ಚಳಿಗಾಲದಲ್ಲಿ ನೆನೆಸಿದ ಅವರೆಕಾಳು ಮುಂದಿಟ್ಟು ಹಿದುಕಲು ಹೇಳಿ ನೋಡಿ. ಕಾಳು ಚಿಮ್ಮುವುದೇ ಅವರಿಗೆ ಆಟ. ದೊಡ್ಡವರ ದುಡಿಮೆಯನ್ನು ಮಕ್ಕಳ ಮೇಲೆ ಹೊರಿಸಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪಕ್ಕದಲ್ಲಿ ಕೂತು, ಕೈಗೆ ಏನೋ ಒಂದು ಸಿಕ್ಕಿ, ನಿಮ್ಮ ಜೊತೆ ಮಾತಾಡುತ್ತಾ ಇರುವಷ್ಟು ಕೆಲಸ ಸಾಕು.

ಊಟದ ವಿಷಯ ಬೇರೆಯೇ ಹೇಳಬೇಕು. ಫೋನ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಹಸಿದದ್ದೂ ಗೊತ್ತಾಗುವುದಿಲ್ಲ. ಮಗುವಿನ ಜೊತೆ ನೀವೂ ತಟ್ಟೆ ಹಾಕಿಕೊಂಡು ಕೂರಿ. ಮುದ್ದೆ ಸಣ್ಣದಾಗಿ ಇಡಿ, ಅವರೇ ಮುರಿದು ಸಾರಿಗೆ ಅದ್ದಲಿ, ಬಟ್ಟೆ ಕೊಳೆಯಾದರೂ ಪರವಾಗಿಲ್ಲ. ಅರ್ಧ ಗಂಟೆಯಾದರೂ ತಿನ್ನದಿದ್ದರೆ ಬೈಯದೆ ತಟ್ಟೆ ತೆಗೆಯಿರಿ. ನಡುವೆ ಬಿಸ್ಕತ್ತು, ಕುರ್ಕುರೆ ಬೇಡ. ಆರೋಗ್ಯವಾಗಿರುವ ಮಗು ಮುಂದಿನ ಊಟಕ್ಕೆ ಹಸಿದು ಬರುತ್ತದೆ. ತೂಕ ಕಮ್ಮಿ ಇರುವ ಮಗುವಾದರೆ ಇದನ್ನು ಡಾಕ್ಟರನ್ನು ಕೇಳಿ ಮಾಡಿ.

ವಾಪಸ್ ತಗೊಳ್ಳುವ ಕ್ಷಣ

ಜಗಳವೆಲ್ಲ ಫೋನ್ ವಾಪಸ್ ತಗೊಳ್ಳುವಾಗಲೇ ಅಲ್ವಾ? ಅದಕ್ಕೆ ಮಗುವಿನ ಹಟ ಒಂದೇ ಕಾರಣವಲ್ಲ. ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ಧಾರಾವಾಹಿ ಮುಗಿಯುತ್ತಿತ್ತು. ಈಗ ಯಾವುದೂ ಮುಗಿಯುವುದಿಲ್ಲ. ಒಂದು ವಿಡಿಯೊ ಮುಗಿಯುವ ಮುಂಚೆ ಇನ್ನೊಂದು ಸಿದ್ಧವಾಗಿರುತ್ತದೆ. ಶಾರ್ಟ್ಸ್ ಅಂತೂ ಬೆರಳಾಡಿಸಿದಷ್ಟೂ ಬರುತ್ತವೆ. ಮುಂದಿನದು ಚೆನ್ನಾಗಿರುತ್ತೋ ಇಲ್ಲವೋ ಗೊತ್ತಿರುವುದಿಲ್ಲ, ಯಾವಾಗಲೋ ಒಂದು ಚೆನ್ನಾಗಿರುತ್ತದೆ. ಈ "ಯಾವಾಗಲೋ ಒಂದು" ಇದೆಯಲ್ಲ, ಅದೇ ಹಿಡಿದಿಡುವುದು. ಪ್ರತಿ ಸಲ ಕಾಳು ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಕ್ಕರೆ ಪಾರಿವಾಳ ಕುಕ್ಕುವುದನ್ನು ಬಿಡುವುದೇ ಇಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪ್ರಯೋಗ ಮಾಡಿ ತೋರಿಸಿದ್ದರು. ದೊಡ್ಡವರಾದ ನಮಗೇ ರಾತ್ರಿ ಫೋನ್ ಇಡಲು ಕಷ್ಟ. ಐದು ವರ್ಷದ ಮಗು ತಾನಾಗಿ ಇಡಲಿ ಅಂತ ಕಾಯುವುದು ನ್ಯಾಯವಲ್ಲ.

ಹಾಗಾಗಿ ಮುಗಿಯುವಂಥದ್ದನ್ನೇ ಕೊಡಿ. "ಹತ್ತು ನಿಮಿಷ" ಅಂದರೆ ಸಣ್ಣ ಮಕ್ಕಳಿಗೆ ಅರ್ಥವಾಗುವುದಿಲ್ಲ, "ಎರಡು ಹಾಡು" ಅಂದರೆ ಆಗುತ್ತದೆ. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಣ್ಣ ಮಕ್ಕಳಿರುವ ಮನೆಗಳನ್ನು ಅಧ್ಯಯನ ಮಾಡಿದ್ದರು. "ಇನ್ನೆರಡೇ ನಿಮಿಷ" ಅಂತ ಮುಂಚೆ ಎಚ್ಚರಿಸಿದಾಗ ರಂಪ ಜಾಸ್ತಿಯಾಗುತ್ತಿತ್ತು. ಕಾರ್ಯಕ್ರಮ ತಾನಾಗಿ ಮುಗಿದಾಗ, ದಿನದ ಅಭ್ಯಾಸದಂತೆ ಮುಂದಿನ ಕೆಲಸಕ್ಕೆ ಹೋದಾಗ ಮಕ್ಕಳು ಸುಲಭವಾಗಿ ಬಿಡುತ್ತಿದ್ದರು. ನನ್ನ ಮಗನ ವಿಷಯದಲ್ಲೂ ಹಾಗೇ ಇದೆ. ಎರಡು ವಿಡಿಯೊ ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಕೊಡಿ. ಮುಗಿದರೆ ಮುಗಿಯಿತು, ಮುಂದಿನದು ಬರುವುದಿಲ್ಲ.

ಕೊನೆಯ ಒಂದೆರಡು ನಿಮಿಷ ಪಕ್ಕದಲ್ಲಿ ಕೂರಿ. "ಆ ಆನೆ ಈಗ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. ಮಗು ನಿಮ್ಮ ಕಡೆ ತಿರುಗಿ ಉತ್ತರ ಹೇಳಿದರೆ ಅರ್ಧ ಫೋನಿನಿಂದ ಹೊರಗೆ ಬಂದಿದೆ ಅಂತ ಅರ್ಥ. ಮುಗಿದ ತಕ್ಷಣ ಏಳಿಸಿ: "ಮುಗೀತಾ ಪುಟ್ಟ? ಬಾ, ಕರುಗೆ ನೀರಿಡೋಣ." ಒಳ ಕೋಣೆಯಿಂದ "ಫೋನ್ ಇಡೋ" ಅಂತ ಹತ್ತು ಸಲ ಕೂಗುವುದು ಬೇಡ. ಹತ್ತು ಸಲ ಕೂಗಿದರೆ ಒಂಬತ್ತು ಸಲ ಕೇಳದಿದ್ದರೂ ನಡೆಯುತ್ತದೆ ಅಂತ ಮಗು ಕಲಿಯುತ್ತದೆ.

ಅತ್ತು ಹೊರಳಾಡಿದಾಗ

ಹೊರಳಾಡುತ್ತಾರೆ. ಮೊದಲು ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದೇ ಒಂದು ಸಲ, ಸಣ್ಣ ಮಾತಿನಲ್ಲಿ ಹೇಳಿ: "ಕೋಪ ಬಂದಿದೆ ಅಲ್ವಾ. ಗೊತ್ತಾಯ್ತು. ಇವತ್ತಿಗೆ ಫೋನ್ ಮುಗೀತು. ನಾನು ಇಲ್ಲೇ ಇರ್ತೀನಿ." ಅಷ್ಟೇ. ಆಮೇಲೆ ಸುಮ್ಮನಿರಿ. ಬುದ್ಧಿಮಾತು, ಲಂಚ, ಹೆದರಿಕೆ ಯಾವುದೂ ಬೇಡ. ಅಳುವಾಗ ಮಗುವಿನ ಕಿವಿಗೆ ಏನೂ ಹೋಗುವುದಿಲ್ಲ. ಕೈಗೆ ಸಿಗುವ ಲೋಟ, ಕುಡುಗೋಲು, ಬಿಸಿ ಪಾತ್ರೆ ಪಕ್ಕಕ್ಕಿಡಿ. ಹೊಡೆಯಲು ಬಂದರೆ ಕೈ ಮೆಲ್ಲಗೆ ಹಿಡಿದು "ಹೊಡೆಯೋಕೆ ಬಿಡಲ್ಲ" ಅನ್ನಿ. ತಿರುಗಿ ಹೊಡೆಯಬೇಡಿ. ಸಿಟ್ಟು ಬಂದರೆ ದೊಡ್ಡವರು ಚಿಕ್ಕವರಿಗೆ ಹೊಡೆಯಬಹುದು ಅಂತ ನಮ್ಮನ್ನು ನೋಡಿ ಕಲಿತ ಮಗು ಅದನ್ನೇ ಮಾರನೇ ದಿನ ಶಾಲೆಯಲ್ಲಿ ತನಗಿಂತ ಚಿಕ್ಕವರ ಮೇಲೆ ಮಾಡುತ್ತದೆ. ನಾನು ದಿನಾ ನೋಡುತ್ತೇನೆ.

ಮೊದಲ ಕೆಲವು ದಿನ ರಂಪ ಕಮ್ಮಿಯಾಗುವ ಬದಲು ಏರುತ್ತದೆ. ಇಷ್ಟು ದಿನ ಅತ್ತರೆ ಸಿಗುತ್ತಿತ್ತು, ಈಗ ಸಿಗುತ್ತಿಲ್ಲ, ಇನ್ನೂ ಜೋರಾಗಿ ಅತ್ತು ನೋಡೋಣ ಅಂತ ಮಗು ಪ್ರಯತ್ನಿಸುತ್ತದೆ. ಬಹಳ ಮಂದಿ ಇಲ್ಲೇ ಕೈಬಿಡುತ್ತಾರೆ, "ನಮ್ಮ ಮಗುಗೆ ಇದೆಲ್ಲ ಆಗಲ್ಲ ಮಿಸ್" ಅನ್ನುತ್ತಾರೆ. ಆ ಜೋರಿಗೆ ಸೋತು ಕೊಟ್ಟರೆ ಮಗು ಕಲಿಯುವುದು ಒಂದೇ ಪಾಠ: ಇಷ್ಟು ಜೋರಾಗಿ ಅಳಬೇಕು. ಸ್ಕಿನ್ನರ್ ಅವರ ಪಾರಿವಾಳದ ಮಾತು ಇಲ್ಲೂ ಸಲ್ಲುತ್ತದೆ. ಒಂಬತ್ತು ಸಲ ಇಲ್ಲ ಅಂದು ಹತ್ತನೇ ಸಲ ಕೊಡುವುದು, ದಿನಾ ಕೊಡುವುದಕ್ಕಿಂತ ಹಟವನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ಹಬ್ಬದ ವಾರ, ಮದುವೆ ಮನೆ, ಹುಳ ಹಣ್ಣಾಗುವ ವಾರ ನೋಡಿ ಶುರು ಮಾಡಬೇಡಿ. ಗೂಡು ಮಾರಿ ಕೈಗೆ ಬಿಡುವಾದ ಮೇಲೆ ಶುರು ಮಾಡಿ.

ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಬೇಕು. ಅಮ್ಮ ಇಲ್ಲ ಅಂದಳು, ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟಳು ಅಂದರೆ ಎಲ್ಲ ನೀರಿಗೆ ಹೋಯಿತು. ಹಾಗಂತ ಅಜ್ಜಿಗೆ ಆಜ್ಞೆ ಮಾಡಿದರೆ ಅವರ ಮನಸ್ಸು ನೋಯುತ್ತದೆ, ಅವರೂ ದಿನವೆಲ್ಲ ಮಗುವಿನ ಹಿಂದೆ ಓಡಿ ಸುಸ್ತಾಗಿರುತ್ತಾರೆ. ನಮ್ಮ ಅತ್ತೆಯವರಿಗೆ ನಾನು ಹೇಳಿದ್ದು ಹೀಗೆ: "ಅತ್ತೆ, ರಾತ್ರಿ ಅವನಿಗೆ ನೀವು ಕಥೆ ಹೇಳಿ, ಪಾತ್ರೆ ನಾನು ತೊಳ್ಕೊಳ್ತೀನಿ." ಈ ಸೀಮೆಯ ಅಜ್ಜಿಯರ ಕಥೆ ಅರ್ಧ ಕನ್ನಡ, ಅರ್ಧ ತೆಲುಗು. ಮಕ್ಕಳು ಎರಡನ್ನೂ ಕಲಿತುಬಿಡುತ್ತಾರೆ.

ಇನ್ನೊಂದು ಮಾತು. ರಂಪ ಮಾಡಿದಾಗ ಮನೆಯವರೆಲ್ಲ ಓಡಿ ಬರುತ್ತೇವೆ, ಸುಮ್ಮನೆ ಆಡುತ್ತಿದ್ದಾಗ ಯಾರೂ ತಿರುಗಿ ನೋಡುವುದಿಲ್ಲ. ಇದನ್ನು ತಿರುಗಿಸಿ. "ಜಾಣ" ಅಂತ ಬರೀ ಹೊಗಳಿದರೆ ಸಾಲದು. ಏನು ಮಾಡಿದ್ದಕ್ಕೆ ಅಂತ ಹೇಳಿ: "ಹಾಡು ಮುಗಿದ ತಕ್ಷಣ ಫೋನ್ ನನ್ನ ಕೈಗೆ ಕೊಟ್ಟೆ, ನಂಗೆ ತುಂಬ ಖುಷಿಯಾಯ್ತು."

ಎಷ್ಟು ವಯಸ್ಸಿಗೆ ಎಷ್ಟು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷದೊಳಗೆ ಬೇಡವೇ ಬೇಡ ಅನ್ನುತ್ತದೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಮ್ಮಿ ಅಂತ ಅವರ ಲೆಕ್ಕ. ಟಿವಿಯೂ ಇದರಲ್ಲಿ ಸೇರಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಪ್ಪನ ಜೊತೆ ವಿಡಿಯೊ ಕಾಲ್ ಮಾಡಿದರೆ ಚಿಂತೆಯಿಲ್ಲ, ಅಲ್ಲಿ ಎದುರಿಗೆ ಮನುಷ್ಯ ಇರುತ್ತಾನೆ.

ಈ ಗಂಟೆಗಳಿಗಿಂತ ನಾನು ಜಾಸ್ತಿ ಕೇಳುವುದು ನಿದ್ದೆಯ ಗಂಟೆ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕ್ಲಾಸಿನಲ್ಲಿ ಪಕ್ಕದವರನ್ನು ಗಿಲ್ಲುವ, ಸಣ್ಣದಕ್ಕೂ ಅಳುವ, ಒಂದು ಕಡೆ ಕೂರದ ಮಗುವನ್ನು ಕರೆದು "ರಾತ್ರಿ ಎಷ್ಟೊತ್ತಿಗೆ ಮಲಗಿದೆ?" ಅಂತ ಕೇಳಿದರೆ ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಮನೆಯ ಎಲ್ಲ ಫೋನ್‌ಗಳೂ ರಾತ್ರಿ ಒಂದೇ ಜಾಗದಲ್ಲಿ, ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ಅಪ್ಪನ ಫೋನೂ ಅಲ್ಲೇ ಇರಬೇಕು. ಅಲಾರಾಂಗೆ ನೂರಿನ್ನೂರು ರೂಪಾಯಿಯ ಗಡಿಯಾರ ಸಾಕು.

ಒಂದೇ ಫೋನ್ ಇರುವ ಮನೆಗೆ

ಮಕ್ಕಳ ಫೋನಿನ ಮೇಲೆ ಕಣ್ಣಿಡುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮಗುವಿಗೇ ಬೇರೆ ಫೋನ್ ಇದ್ದರೆ ಅದು ಒಳ್ಳೆಯದು. ದಿನಕ್ಕೆ ಎಷ್ಟು ಹೊತ್ತು, ಎಷ್ಟು ಗಂಟೆಗೆ ಬಂದ್, ಯಾವ ಆ್ಯಪ್ ಬೇಕು ಅಂತ ನಿಮ್ಮ ಫೋನಿನಿಂದಲೇ ನೋಡಿಕೊಳ್ಳಬಹುದು. ನಮ್ಮ ಬಹುಪಾಲು ಮನೆಗಳಲ್ಲಿ ಮಗು ಹಿಡಿಯುವುದು ಅಪ್ಪ ಅಮ್ಮನ ಫೋನನ್ನೇ. ಅಲ್ಲಿ ಇವು ಉಪಯೋಗಕ್ಕೆ ಬರುತ್ತವೆ: ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ "ಆ್ಯಪ್ ಪಿನ್ನಿಂಗ್" ಆನ್ ಮಾಡಿ, ಹೊರಗೆ ಬರಲು ಪಿನ್ ಕೇಳುವಂತೆ ಇಡಿ. ಕೊಟ್ಟ ಆ್ಯಪ್ ಬಿಟ್ಟು ಬೇರೆಡೆಗೆ ಮಗು ಹೋಗಲಾಗದು. ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ, ನೀವು ಆರಿಸಿದ ಚಾನೆಲ್ ಮಾತ್ರ ಕಾಣುವಂತೆ ಮಾಡಿ. ಅದರಲ್ಲಿ ಟೈಮರ್ ಇದೆ, ಹೊತ್ತು ಮುಗಿದರೆ ಅದೇ ಮುಚ್ಚಿಕೊಳ್ಳುತ್ತದೆ. ಆಟೋಪ್ಲೇ ಆಫ್ ಮಾಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಯುಪಿಐ ಪಿನ್ ಹೊಡೆಯುವುದು ಮಗುವಿನ ಕಣ್ಣಿಗೆ ಬೀಳದಿರಲಿ.

ಹೈಸ್ಕೂಲು ಮಕ್ಕಳ ದಾರಿ ಬೇರೆ

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಪಾಠವೇ ಫೋನಿಗೆ ಬಂತು. ಆಗ ಮೂರನೇ, ನಾಲ್ಕನೇ ಕ್ಲಾಸಿನಲ್ಲಿದ್ದವರು ಫೋನ್ ಹಿಡಿದೇ ಬೆಳೆದರು. ಅವರಿಂದ ಕಿತ್ತುಕೊಂಡರೆ ಗೆಳೆಯರ ಫೋನ್ ಇದೆ, ಸೋದರಮಾವನ ಫೋನ್ ಇದೆ. ಕೂತು ಮಾತಾಡಿ, ಕಾಗದದ ಮೇಲೆ ಒಪ್ಪಂದ ಬರೆಯಿರಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಲ್ಲಿ ಕೂತು, ತಪ್ಪಿದರೆ ಏನು. ತಪ್ಪಿದರೆ ಮಾರನೇ ದಿನದ ಹೊತ್ತಿನಲ್ಲಿ ಅಷ್ಟು ಕಡಿತ, ಅಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ಶಿಕ್ಷೆ ಹಾಕಿದರೆ ನಿಮಗೇ ನಡೆಸಲು ಆಗುವುದಿಲ್ಲ. ಅಪ್ಪ ಅಮ್ಮನ ಮೇಲೂ ಎರಡು ಸಾಲು ಇರಲಿ. ನಮ್ಮ ಮನೆಯ ಕಾಗದದಲ್ಲಿ ಮಗಳು ಬರೆಸಿದ್ದು: "ನಾನು ಮಾತಾಡುವಾಗ ಅಪ್ಪ ಫೋನ್ ಕೆಳಗಿಡಬೇಕು." ಇಡುತ್ತಾರೆ.

ಗಂಡುಮಕ್ಕಳ ಮನೆಯಲ್ಲಿ ಗೇಮ್ ಮತ್ತು ದುಡ್ಡಿನ ಮೇಲೆ ಕಣ್ಣಿಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸ್ ಮಾಡಿದೆ. ಆದರೂ ಲಿಂಕ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಬ್ಯಾಂಕಿನ ಮೆಸೇಜ್ ದಿನಾ ನೋಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು, ದಯವಿಟ್ಟು ಇವತ್ತೇ ಮಕ್ಕಳಿಗೆ ಹೇಳಿ: "ಫೋನಿನಲ್ಲಿ ಏನೇ ಆದರೂ ನನಗೆ ಹೇಳು. ಹೇಳಿದ್ದಕ್ಕೆ ಹೊಡೆಯಲ್ಲ, ಫೋನ್ ಕಿತ್ಕೊಳ್ಳಲ್ಲ." ಗೊತ್ತಿಲ್ಲದವರು ಫೋಟೊ ಕೇಳಿದಾಗ, ಫೋಟೊ ಇಟ್ಟುಕೊಂಡು ಹೆದರಿಸಿದಾಗ ಮಕ್ಕಳು ಬಾಯಿ ಬಿಡದಿರುವುದು ನಮಗೆ ಹೆದರಿ. ಹಾಗೇನಾದರೂ ಆದರೆ ಚಾಟ್ ಅಳಿಸಬೇಡಿ, ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ಬ್ಲಾಕ್ ಮಾಡಿ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930, ತಡ ಮಾಡದೆ ಆಗಲೇ ಕರೆ ಮಾಡಿ. ಹದಿನೆಂಟು ವರ್ಷದೊಳಗಿನವರನ್ನು ಹೀಗೆ ಪೀಡಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಪೊಲೀಸ್ ಠಾಣೆಗೆ ಹೋಗಲು ಮಾನ ಮರ್ಯಾದೆ ಅಂತ ಹಿಂಜರಿಯಬೇಡಿ. ತಪ್ಪು ಮಗುವಿನದಲ್ಲ.

ರಜೆಯಲ್ಲಿ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಚೌಕಾಬಾರದ ಮನೆ ಗೀಚಲು ಒಂದು ಸೀಮೆಸುಣ್ಣದ ತುಂಡು ಸಾಕು, ಕವಡೆ ಇಲ್ಲದಿದ್ದರೆ ಹುಣಸೆಬೀಜ ಇದೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ಎರಡು ವರ್ಷವಾದರೂ ಎರಡು ಪದ ಸೇರಿಸಿ ಮಾತಾಡದ, ಹೆಸರು ಕೂಗಿದರೆ ತಿರುಗದ, ಕಣ್ಣಿಗೆ ಕಣ್ಣು ಕೊಡದ ಮಗುವಿನ ವಿಷಯದಲ್ಲಿ "ಫೋನ್ ಜಾಸ್ತಿ ನೋಡುತ್ತೆ, ಅದಕ್ಕೇ" ಅಂತ ಕಾಯಬೇಡಿ. ಕಿವಿ ಪರೀಕ್ಷೆಯಿಂದ ಶುರುಮಾಡಿ. ಅಂಗನವಾಡಿ ಮತ್ತು ಶಾಲೆಗೆ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಾದ ಆರ್‌ಬಿಎಸ್‌ಕೆ ತಂಡದ ಡಾಕ್ಟರು ತಪಾಸಣೆಗೆ ಬರುತ್ತಾರೆ, ಅವರಿಗೆ ತೋರಿಸಿ.

ದೊಡ್ಡ ಮಕ್ಕಳಲ್ಲಿ ಶಾಲೆ, ಊಟ, ಸ್ನಾನ, ಗೆಳೆಯರು ಎಲ್ಲ ಬಿಟ್ಟು ಗೇಮ್ ಒಂದೇ ಉಳಿದರೆ, ನಷ್ಟ ಕಣ್ಣಿಗೆ ಕಾಣುತ್ತಿದ್ದರೂ ನಿಲ್ಲಿಸಲು ಆಗದಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುಂಚೆ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೊರಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಗು ಮಾತಾಡಲು ಒಪ್ಪದಿದ್ದರೆ ಮೊದಲು ನೀವೇ ಮಾತಾಡಬಹುದು.